ಆನೆ ಗೊಂಗೋರನ ಉಪವಾಸ

ಗೊಂಗೋರನ ಸೊಂಟ ಅಳೆಯಲು ಇಬ್ಬರು ಬೇಕಾದರು. ನನ್ನ ಸಹಾಯಕಿ ಸಾರೂಲ್ ಟೇಪಿನ ಒಂದು ತುದಿಯನ್ನು ಅವನ ಹೊಕ್ಕುಳ ಮೇಲೆ ಒತ್ತಿ ಹಿಡಿದಳು. ಆಸ್ಪತ್ರೆಯ ಚಾಲಕ ಇನ್ನೊಂದು ತುದಿ ಹಿಡಿದು ಅವನ ಸುತ್ತ ಪ್ರದಕ್ಷಿಣೆ ಹೊರಟ. ಅವರಿಗೆ ಕಷ್ಟವಾಗದಿರಲಿ ಎಂದು ಗೊಂಗೋರ್ ತಾನೂ ನಿಂತಲ್ಲೇ ಮೆಲ್ಲನೆ ತಿರುಗತೊಡಗಿದ. ಹೊಟ್ಟೆಗೆ ಅಂಟಿಕೊಂಡಿದ್ದ ಸಾರೂಲಳೂ ಜೊತೆಗೆ ತಿರುಗಿದಳು. ಚಾಲಕ ಓಡಿದಷ್ಟೂ ಹೊಕ್ಕುಳು ಮುಂದೆ ಮುಂದೆ ಹೋಯಿತು. ಹೀಗೆ ಮೂರು ಸುತ್ತು ಆದ ಮೇಲೆ, ಯಾರಾದರೂ ಒಬ್ಬರು ತಿರುಗಿದರೆ ಸಾಕು ಎಂದು ನಾನು ಹೇಳಬೇಕಾಯಿತು. ನೂರ ಇಪ್ಪತ್ತೊಂದು ಸೆಂಟಿಮೀಟರು. ಸಾಲಿನಲ್ಲಿದ್ದವರು ಟೋಪಿ ತೆಗೆದು ಆ ಅಂಕಿಗೆ ಗೌರವ ಸಲ್ಲಿಸಿದರು. ಅವನು ತಲೆಬಾಗಿ ಸ್ವೀಕರಿಸಿದ.

ಇದು ಬುಲ್ಗಾನ್ ಸೀಮೆಯ ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ, ಜುಲೈ ತಿಂಗಳ ಕೊನೆಯಲ್ಲಿ ನಡೆದದ್ದು. ನಾನು ಹುಟ್ಟಿದ್ದು ಅದೇ ಕಣಿವೆಯಲ್ಲಿ. ರಾಜಧಾನಿ ಊಲಾನ್‌ಬಾತರಿನಲ್ಲಿ ನಲವತ್ತು ವರ್ಷ ಜೀವರಸಾಯನ ಕಲಿಸಿ ನಿವೃತ್ತಳಾದ ಮೇಲೆ, ಈ ಅಧ್ಯಯನಕ್ಕೆಂದು ಮರಳಿ ಬಂದಿದ್ದೆ. ಒಂದೇ ಕಡಾಯಿಯ ಕುರಿಮಾಂಸ ತಿಂದ ಇಬ್ಬರಲ್ಲಿ ಒಬ್ಬರಿಗೆ ಅದು ಮೈಗೂಡುತ್ತದೆ, ಇನ್ನೊಬ್ಬರಿಗೆ ರಕ್ತದಲ್ಲೇ ನಿಂತು ಕಾಡುತ್ತದೆ. ಏಕೆ ಎಂಬುದು ನಮ್ಮ ಪ್ರಶ್ನೆ. ಹಿಂದಿನ ಶರತ್ಕಾಲದಲ್ಲಿ ಕಣಿವೆಯವರ ರಕ್ತ ತೆಗೆದು ವಂಶವಾಹಿಗಳನ್ನು ಓದಿಸಿದ್ದೆವು. ಯಾರ ವಂಶವಾಹಿಯಲ್ಲಿ ಯಾವ ಅಕ್ಷರ ಬದಲಾಗಿದೆ ಎಂಬ ಪಟ್ಟಿ, ಹೆಸರಿಲ್ಲದೆ ಬರಿಯ ಸಂಖ್ಯೆಗಳಲ್ಲಿ, ನನ್ನ ಪೆಟ್ಟಿಗೆಯಲ್ಲಿತ್ತು. ಈಗ ನೋಡಬೇಕಾದ್ದು ಐದು ಗುರುತುಗಳನ್ನು: ಸೊಂಟದ ಸುತ್ತಳತೆ, ರಕ್ತದೊತ್ತಡ, ರಕ್ತದ ಸಕ್ಕರೆ, ರಕ್ತದ ಕೊಬ್ಬು, ಮತ್ತು ಕೊಬ್ಬುಗಳಲ್ಲೇ ಒಳ್ಳೆಯದೆಂದು ಹೆಸರಾದ ಒಂದರ ಕೊರತೆ. ಐದರಲ್ಲಿ ಮೂರು ಕೆಟ್ಟರೆ ಅದು ಚಯಾಪಚಯದ ತೊಡಕು. ಮುಂದೆ ಹೃದಯಕ್ಕೂ ಮೂತ್ರಪಿಂಡಕ್ಕೂ ಕುತ್ತು. ಎರಡೇ ಕೆಟ್ಟರೆ ಎಚ್ಚರಿಕೆ ಹೇಳಿ ಮನೆಗೆ ಕಳಿಸುವುದು.

ಗೊಂಗೋರನ ಪಾಲಿಗೆ ಮೂರೋ ಎರಡೋ ಎಂಬುದು ಆ ಬೇಸಿಗೆಯ ಏಕೈಕ ಪ್ರಶ್ನೆಯಾಗಿತ್ತು. ಅದಕ್ಕೆ ಕಾರಣ ತಿಳಿಯಬೇಕಾದರೆ ಅವನ ಹಿಂದಿನದನ್ನು ಸ್ವಲ್ಪ ಹೇಳಬೇಕು.

ಅವನು ಹುಟ್ಟುವಾಗಲೇ ಐದೂವರೆ ಕಿಲೋ ಇದ್ದ. ಅವನ ತಾಯಿ ಮಗುವನ್ನು ನೋಡಿ, ಇದನ್ನು ಯಾರೋ ಅರ್ಧ ಬೆಳೆಸಿ ಕಳಿಸಿದ್ದಾರೆ ಅಂದಳಂತೆ. ಮೂವತ್ತು ವರ್ಷ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಮಾಡಿದ. ಒಂದು ಚಳಿಗಾಲ ಬಾಯ್ಲರಿನ ಕೊಳವೆ ಒಡೆದಾಗ ವಸತಿಯ ಮಕ್ಕಳನ್ನು ಕಂಕುಳಿಗಿಬ್ಬರಂತೆ ಇರುಕಿಕೊಂಡು, ಮೈನಸ್ ನಲವತ್ತರ ಚಳಿಯಲ್ಲಿ ಆಸ್ಪತ್ರೆಗೆ ಸಾಗಿಸಿದ. ವಸತಿಯಲ್ಲಿದ್ದದ್ದು ಅರವತ್ತು ಹಾಸಿಗೆ. ಅವನ ಕಂಕುಳಲ್ಲಿ ಹೋದೆ ಎಂದು ಹೇಳಿಕೊಳ್ಳುವವರು ಈಗ ಇನ್ನೂರಕ್ಕೂ ಹೆಚ್ಚು, ಅವರಲ್ಲಿ ಕೆಲವರು ಆಗ ಹುಟ್ಟಿಯೇ ಇರಲಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ತಾಲ್ಲೂಕಿನ ನಾದಮ್ ಉತ್ಸವದ ಕುಸ್ತಿಯಲ್ಲಿ ಆರು ಸುತ್ತೂ ಗೆದ್ದು 'ತಾಲ್ಲೂಕಿನ ಆನೆ' ಎಂಬ ಬಿರುದು ಪಡೆದ. ಮರುವರ್ಷ ಮೊದಲ ಸುತ್ತಿನಲ್ಲೇ ಬಿದ್ದ. ಅದರ ಮರುವರ್ಷವೂ ಬಿದ್ದ. ಬಿರುದು ಒಮ್ಮೆ ಬಂದರೆ ಸಾಯುವವರೆಗೂ ಹೋಗುವುದಿಲ್ಲವಾದ್ದರಿಂದ ಅವನು ಯಾವ ಚಿಂತೆಯೂ ಇಲ್ಲದೆ ಹದಿನೇಳು ವರ್ಷ ಬಿದ್ದ.

ಆಮೇಲೆ ಅವನ ಅಣ್ಣ ಶಗ್ದರ್ ಕುದುರೆಯ ಮೇಲೆ ಕೂತಿದ್ದಂತೆಯೇ ಎದೆ ಹಿಡಿದುಕೊಂಡು ಸತ್ತ. ಅವನೂ ಹೊಟ್ಟೆಯ ಮನುಷ್ಯ, ಅವನಿಗೂ ಐವತ್ತು ತುಂಬಿರಲಿಲ್ಲ. ಗೊಂಗೋರನ ಹೆಂಡತಿ ದೊಲ್ಜಿನ್ ಆ ವಾರವೇ ಗಂಡನ ಕುಸ್ತಿಯ ಅಂಗಿ, ಚಡ್ಡಿ, ಟೋಪಿ ಮೂರನ್ನೂ ತೊಳೆದು ಮಡಿಸಿ ಕಿತ್ತಳೆ ಬಣ್ಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ಅವಳ ನಿಲುವಂಗಿಯ ಒಳಗೆ ಸೇರಿತು. ಅವಳು ಪಶುವೈದ್ಯೆ. ನಲವತ್ತೆಂಟು ಕಿಲೋ ತೂಕ. ಬೆಳಗಿನಿಂದ ಸಂಜೆಯೊಳಗೆ ನಾಲ್ಕು ನೂರು ಯಾಕ್‌ಗಳಿಗೆ ಚುಚ್ಚಬಲ್ಲಳು, ಒಂದೂ ಮಿಸುಕುವುದಿಲ್ಲ. ಒದೆಯುವ ಪ್ರಾಣಿಗಳ ಪೈಕಿ ಗಂಡನನ್ನೂ ಸೇರಿಸಿಕೊಂಡಿದ್ದಳು. ಕೆನ್ನೆಯೊಳಗೆ ಸದಾ ಒಂದು ಸಕ್ಕರೆ ತುಂಡು ಇರುತ್ತಿತ್ತು. ಮಾತಾಡುವಾಗ ಅದು ಎಡಗೆನ್ನೆಯಿಂದ ಬಲಗೆನ್ನೆಗೆ ಹೋಗುತ್ತಿತ್ತು. ಬಲಕ್ಕೆ ಹೋಯಿತೆಂದರೆ ಬೈಗುಳ ಬರಲಿದೆ ಎಂದು ಊರಿನವರಿಗೆ ಗೊತ್ತು.

ಆ ವರ್ಷ ತಾಲ್ಲೂಕಿಗೆ ನೂರು ತುಂಬಿತು. ಆಗಸ್ಟ್ ನಡುವಿನ ದೊಡ್ಡ ನಾದಮ್‌ನಲ್ಲಿ ಬಿರುದಿನ ಹಳಬರೆಲ್ಲ ಒಮ್ಮೆ ಕಣಕ್ಕಿಳಿಯಬೇಕೆಂದು ಕರೆ ಬಂತು. ಬದುಕಿದ್ದ ಆನೆಗಳು ಮೂರೇ. ಒಂದಕ್ಕೆ ಎಂಬತ್ತೆರಡು ವರ್ಷ, ಇನ್ನೊಂದಕ್ಕೆ ಕಾಲು ಮುರಿದಿತ್ತು. ಗೊಂಗೋರ್ ಕರೆಯ ಕಾಗದವನ್ನು ಎದೆಯ ಮಡಿಕೆಯಲ್ಲಿಟ್ಟುಕೊಂಡು ಒಂದು ವಾರ ತಿರುಗಿ, ಎಂಟನೆಯ ದಿನ ಹೆಂಡತಿಯ ಮುಂದೆ ತೆಗೆದ. ಸಕ್ಕರೆ ತುಂಡು ಬಲಗೆನ್ನೆಗೆ ಹೋಯಿತು. ಕೊನೆಗೆ ಅವಳು ಅವನನ್ನು ನನ್ನ ಬಳಿಗೆ ಎಳೆದುತಂದು ಷರತ್ತು ಹಾಕಿದಳು. ಊರಿಗೆಲ್ಲ ಟೀಚರಕ್ಕನಾದ ನಾನು ರಕ್ತ ನೋಡಬೇಕು. ಐದರಲ್ಲಿ ಮೂರು ಕೆಟ್ಟಿದ್ದರೆ ಕುಸ್ತಿಯೂ ಇಲ್ಲ, ಕುದುರೆ ಹಾಲಿನ ಐರಗ್ಗೂ ಇಲ್ಲ, ಮೊದಲ ಹಿಮ ಬೀಳುವವರೆಗೆ ತಾನು ಹೇಳಿದಂತೆ ಕೇಳಬೇಕು. ಗೊಂಗೋರ್ ಯೋಚಿಸಿ, ಹಾಗಾದರೆ ಅವಳೂ ರಕ್ತ ಕೊಡಲಿ, ಅವಳದ್ದು ಕೆಟ್ಟಿದ್ದರೆ ಹಿಮ ಬೀಳುವವರೆಗೆ ಅವಳು ತನ್ನ ಮಾತು ಕೇಳಬೇಕು ಅಂದ. ಅವಳು ನಕ್ಕಳು. ಚುಚ್ಚುವ ಸೂಜಿಗಿಂತ ತೆಳ್ಳಗಿದ್ದ ತೋಳಿನಿಂದ ಅಂಗಿ ಮೇಲೇರಿಸಿ, ತಗೊಳ್ಳಿ ಎಂದು ಆಗಲೇ ಚಾಚಿದಳು. ನಾಳೆ ಬೆಳಗ್ಗೆ ಬನ್ನಿ, ಸಂಜೆಯಿಂದ ಏನೂ ತಿನ್ನಕೂಡದು ಎಂದು ನಾನು ಹೇಳಿದೆ. ಅದೇ ಮಾತನ್ನು ಕಾಗದದಲ್ಲಿ ಬರೆದು ಅಧ್ಯಯನದಲ್ಲಿದ್ದ ಕಣಿವೆಯ ಮೂವತ್ತು ಮಂದಿಗೂ ಹಂಚಿಸಿದೆ.

ಮೂವತ್ತು ಮಂದಿಯೂ ಬಂದರು, ಒಬ್ಬರೂ ತಪ್ಪಲಿಲ್ಲ. ಗೊಂಗೋರನ ಬೇಸಿಗೆ ಡೇರೆ ಆಸ್ಪತ್ರೆಯ ಬೇಲಿಗೆ ಎದುರಾಗಿಯೇ ಇತ್ತು. ಎಲ್ಲರೂ ಕುದುರೆಗಳನ್ನು, ಮೋಟಾರ್ ಸೈಕಲ್‌ಗಳನ್ನು ಅವನ ಅಂಗಳದಲ್ಲಿ ಬಿಟ್ಟು, ಅವನಿಗೆ ನಮಸ್ಕಾರ ಹೇಳಿ, ಸಾಲಿಗೆ ಬಂದು ನಿಂತರು. ನಾನು ಒಬ್ಬೊಬ್ಬರನ್ನೂ ಕೇಳಿದೆ. ಯಾರೂ ಒಂದು ತುತ್ತೂ ತಿಂದಿರಲಿಲ್ಲ. ರಕ್ತ ತೆಗೆದು ಯಂತ್ರಕ್ಕಿಟ್ಟು ತಿರುಗಿಸಿದಾಗ, ಮೇಲೆ ನಿಲ್ಲುವ ರಸ ಜೇನಿನ ಬಣ್ಣ ಇರಬೇಕಾದ್ದು ಹಾಲಿನಂತೆ ಬೆಳ್ಳಗಿತ್ತು. ಮೂವತ್ತು ಕೊಳವೆಗಳೂ ಹಾಗೇ. ಅಷ್ಟು ಕೊಬ್ಬನ್ನು ನಾನು ಹಿಂದೆ ಎಲ್ಲಿಯೂ ಕಂಡಿರಲಿಲ್ಲ. ಸಕ್ಕರೆಯೂ ಮೇಲಿತ್ತು. ಅಂಕಿಗಳನ್ನು ನಂಬಿದರೆ ನಮ್ಮ ಕಣಿವೆ ಆ ವಾರವೇ ಖಾಲಿಯಾಗಬೇಕಿತ್ತು.

ಗೊಂಗೋರನಿಗೆ ಐದರಲ್ಲಿ ನಾಲ್ಕು ಕೆಟ್ಟಿತ್ತು. ದೊಲ್ಜಿನಳಿಗೆ ಮೂರು.

ಹೀಗಾಗಿ ಒಂದೇ ಡೇರೆಯಲ್ಲಿ ಇಬ್ಬರು ದೊರೆಗಳಾದರು. ಒಪ್ಪಂದದ ಪ್ರಕಾರ ಅವನು ಅವಳ ಮಾತು ಕೇಳಬೇಕು, ಅವಳು ಅವನ ಮಾತು ಕೇಳಬೇಕು. ಅವಳು ಐರಗ್ ಮುಟ್ಟಬೇಡ ಎಂದು ಆಜ್ಞೆ ಮಾಡಿದಳು. ಅವನು ಆ ಆಜ್ಞೆಯನ್ನು ವಾಪಸ್ ತಗೋ ಎಂದು ಆಜ್ಞೆ ಮಾಡಿದ. ಅವಳು ಆಜ್ಞೆ ಮಾಡುವುದನ್ನು ನಿಲ್ಲಿಸು ಎಂದು ಆಜ್ಞೆ ಮಾಡಿದಳು. ಅವನು ಪೆಟ್ಟಿಗೆಯ ಬೀಗ ತೆಗಿ ಅಂದ. ಅವಳು, ತೆಗಿ ಅಂತ ಹೇಳಬೇಡ ಅಂದಳು. ಮರುದಿನ ಬೆಳಗ್ಗೆ ನಾನು ಎದ್ದು ಮುಖ ತೊಳೆಯುವ ಮೊದಲೇ ನನ್ನನ್ನು ನ್ಯಾಯ ಹೇಳಲು ಕರೆಸಿಕೊಂಡರು.

ಡೇರೆಯ ಬಾಗಿಲ ಬಲಕ್ಕೆ ಐರಗ್‌ನ ಚರ್ಮದ ಚೀಲ ತೂಗುಹಾಕಿತ್ತು, ಹುಳಿ ಬಂದ ಕುದುರೆ ಹಾಲು ತುಂಬಿ ಉಬ್ಬಿತ್ತು. ಒಳಗೆ ಬರುವವರೆಲ್ಲ ಅದರ ಕಡಗೋಲನ್ನು ಹತ್ತು ಇಪ್ಪತ್ತು ಸಲ ಎತ್ತಿ ಹಾಕಿಯೇ ಕೂರುವುದು. ನಾನೂ ಎತ್ತಿ ಹಾಕಿ ಕೂತೆ. ನ್ಯಾಯ ಎರಡು ಗಂಟೆ ನಡೆಯಿತು. ಗೊಂಗೋರ್ ಮೊದಲ ಬಾರಿಗೆ ನಗದೆ ಮಾತಾಡಿದ.

"ಟೀಚರಕ್ಕ, ನಾನು ಗೆಲ್ಲೋಕೆ ಹೋಗ್ತಿಲ್ಲ. ಹದಿನೇಳು ವರ್ಷ ಬಿದ್ದೋನು ನಾನು, ಬೀಳೋದು ಚೆನ್ನಾಗೇ ಬರುತ್ತೆ. ಆದ್ರೆ ಕಡೇ ಸಲ ಬಿದ್ದಾಗ ಅದು ಕಡೇದು ಅಂತ ಗೊತ್ತೇ ಇರ್ಲಿಲ್ಲ. ಅದೊಂದೇ ನಂಗೆ ಚುಚ್ತಾ ಇರೋದು."

"ಶಗ್ದರಣ್ಣನೂ ಹಿಂಗೇ ಒಂದೇ ಒಂದ್ಸಲ ಅಂತ ಕುದುರೆ ಹತ್ತಿದ್ರು," ಎಂದಳು ದೊಲ್ಜಿನ್. "ಇಳಿಸಿದ್ದು ನಾನು, ಮುದುಕ. ನೀನಲ್ಲ."

ನನ್ನ ಬಳಿ ಅಂಕಿಗಳಿದ್ದವು, ಆದರೆ ಆ ಅಂಕಿಗಳನ್ನು ನಾನೇ ನಂಬಿರಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದುಕೊಂಡು ಎದ್ದು ಆಸ್ಪತ್ರೆಗೆ ಹೋದೆ. ಯಂತ್ರವನ್ನು ಪರೀಕ್ಷಿಸುವ ಸುಲಭ ದಾರಿ ನನ್ನದೇ ರಕ್ತ. ಎಪ್ಪತ್ತೊಂದನೆಯ ವಯಸ್ಸಿನಲ್ಲೂ ನನ್ನ ಅಂಕಿಗಳು ಪಠ್ಯಪುಸ್ತಕದಲ್ಲಿರುವಂಥವು. ಹಿಂದಿನ ಸಂಜೆಯಿಂದ ಏನೂ ತಿಂದಿರಲಿಲ್ಲ. ಸಾರೂಲಳಿಗೆ ತೋಳು ಕೊಟ್ಟೆ.

ಕೊಳವೆ ತಿರುಗಿ ನಿಂತಿತು. ಮೇಲಿನ ರಸ ಹಾಲಿನಂತೆ ಬೆಳ್ಳಗಿತ್ತು.

ಸಾರೂಲ್ ನಗರದ ಹುಡುಗಿ. ಐರಗ್‌ನ ವಾಸನೆಗೇ ಮೂಗು ಮುಚ್ಚುವವಳು. ಅವಳು ಕೊಳವೆಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಮುಖದಲ್ಲಿ ಒಂದು ಕಡೆ ಹೆಚ್ಚು ಹೊತ್ತು ನೋಡಿದಳು.

"ಮೇಡಂ, ಬೆಳಗ್ಗೆ ಏನಾದ್ರೂ ತಿಂದ್ರಾ?"

"ಏನೂ ಇಲ್ಲ."

"ಮೇಲ್ದುಟಿ ಮೇಲೆ ಬೆಳ್ಳಗೆ ಇದೆಯಲ್ಲ, ಅದೇನು ಮೇಡಂ?"

ಅದು ನಾಲ್ಕನೆಯ ಬಟ್ಟಲಿನ ಗೆರೆ. ಗೊಂಗೋರನ ಡೇರೆಯಲ್ಲಿ ನ್ಯಾಯ ಕೇಳುತ್ತ ನಾಲ್ಕು ಬಟ್ಟಲು ಕುಡಿದಿದ್ದೆ. ಬಟ್ಟಲು ಎಂದರೆ ಅರ್ಧ ಲೀಟರಿನದು. ಬೇಸಿಗೆಯಲ್ಲಿ ನಮ್ಮವರು ಐರಗ್ ಕುಡಿಯುವುದು ಉಸಿರಾಡಿದ ಹಾಗೆ. ತಿನ್ನಬೇಡ ಎಂದರೆ ಮಾಂಸ ಬೇಡ, ಹಿಟ್ಟು ಬೇಡ ಎಂದರ್ಥ. ಐರಗ್ ಬೇಡ ಎಂದು ಯಾರಿಗೂ ಹೊಳೆಯುವುದಿಲ್ಲ. ಆ ಮೂವತ್ತು ಮಂದಿಯೂ ಗೊಂಗೋರನ ಅಂಗಳದಲ್ಲಿ ಕುದುರೆ ಕಟ್ಟಿ, ನಮಸ್ಕಾರ ಹೇಳಿ, ಕಡಗೋಲು ಎತ್ತಿ ಹಾಕಿ, ಅವನು ಕೊಟ್ಟ ಎರಡು ಮೂರು ಬಟ್ಟಲು ಬರಿದು ಮಾಡಿ, ಶುದ್ಧ ಉಪವಾಸದಲ್ಲಿ ನನ್ನ ಮುಂದೆ ನಿಂತಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ. ತಿನ್ನಕೂಡದು ಎಂದಷ್ಟೇ ಬರೆದವಳು ನಾನು. ರಕ್ತ ಪರೀಕ್ಷೆಗೆ ಮುಂಚಿನ ಉಪವಾಸ ಹೇಗಿರಬೇಕೆಂದು ವಿದ್ಯಾರ್ಥಿಗಳಿಗಾಗಿ ಹನ್ನೊಂದು ಪುಟ ಬರೆದವಳೂ ನಾನೇ.

ಮುಖ ಒರೆಸಿಕೊಂಡು ಹೋಗಿ ಕಣಿವೆಗೆಲ್ಲ ಹೇಳಿಸಿದೆ: ಮತ್ತೆ ರಕ್ತ ಕೊಡಬೇಕು. ಸೂರ್ಯ ಮುಳುಗಿದ ಮೇಲೆ ಬರಿಯ ನೀರು. ಐರಗ್ ಇಲ್ಲ, ಹಾಲಿನ ಚಹಾ ಇಲ್ಲ. ಸುದ್ದಿ ಕೇಳಿ ಜನ ಮೊದಲು ತಮಾಷೆಯೆಂದುಕೊಂಡರು, ಆಮೇಲೆ ನನ್ನ ಮುಖ ನೆನಪಿಸಿಕೊಂಡು ಬಟ್ಟಲು ಕವುಚಿಟ್ಟರು.

ಆ ಸಂಜೆಯಂಥದ್ದು ಕಣಿವೆ ಹಿಂದೆ ಕಂಡಿರಲಾರದು. ಕುದುರೆ ಹಾಲು ಎರಡು ಗಂಟೆಗೊಮ್ಮೆ ಕರೆಯಲೇಬೇಕು, ಚೀಲಕ್ಕೆ ಸುರಿಯಲೇಬೇಕು, ಕಡೆಯಲೇಬೇಕು, ಇಲ್ಲದಿದ್ದರೆ ಕೆಡುತ್ತದೆ. ಕುಡಿಯುವುದೊಂದೇ ನಿಂತಿತ್ತು. ಚೀಲಗಳು ಉಬ್ಬಿದವು. ಬಕೆಟ್‌ಗಳು ತುಂಬಿದವು. ಹಿಟ್ಟು ಕಲಸುವ ಬೋಗುಣಿ ತುಂಬಿತು. ಒಬ್ಬಾಕೆ ಮದುವೆಗೆಂದು ತಂದಿಟ್ಟ ಹೊಸ ಕಾಲು ತೊಳೆಯುವ ತೊಟ್ಟಿಯಲ್ಲೂ ಐರಗ್ ನಿಂತಿತು. ಅಷ್ಟರಲ್ಲಿ ಪಕ್ಕದ ತಾಲ್ಲೂಕಿನ ನಾಲ್ವರು ಸವಾರರು ಕಳೆದ ಕುದುರೆ ಹುಡುಕುತ್ತ ಬಂದರು. ಎಲ್ಲ ಡೇರೆಗಳಲ್ಲೂ ಅವರಿಗೆ ಬಟ್ಟಲ ಮೇಲೆ ಬಟ್ಟಲು ಸುರಿದದ್ದೇ ಸುರಿದದ್ದು, ಮನೆಯವರು ಒಬ್ಬರೂ ತುಟಿಗೆ ತಾಕಿಸಲಿಲ್ಲ. ಆತಿಥೇಯ ಕುಡಿಯದ ಐರಗ್ ಎಂದರೆ ಏನರ್ಥ? ಸವಾರರು ಮುಖ ಮುಖ ನೋಡಿಕೊಂಡು, ಇಲ್ಲಿ ವಿಷ ಹಾಕುತ್ತಾರೋ ಏನೋ ಎಂದು ಕುದುರೆ ಏರಿದರು. ಕಳೆದ ಕುದುರೆ ಗೊಂಗೋರನ ಅಂಗಳದಲ್ಲೇ ಮೇಯುತ್ತಿತ್ತು, ಅದನ್ನೂ ನೋಡದೆ ಹೋದರು.

ಗೊಂಗೋರನನ್ನು ದೊಲ್ಜಿನ್ ಚೀಲದ ಪಕ್ಕದಲ್ಲೇ ಕೂರಿಸಿ, ಕಡೆ ಎಂದಳು. ಅವನು ಐದು ಸಾವಿರ ಸಲ ಎತ್ತಿ ಹಾಕಿದನಂತೆ. ನಡುವೆ ಒಂದು ಹನಿ ಸಿಡಿದು ಮುಂಗೈ ಮೇಲೆ ಬಿತ್ತು. ಅವನು ಹನಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೈಯನ್ನು ನಿಲುವಂಗಿಗೆ ಒರೆಸಿಕೊಂಡ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರೆ, ಅವನಿಗೆ ಅದೂ ಸಿಗಲಿಲ್ಲ. ದೊಲ್ಜಿನಳೂ ಕೆನ್ನೆಯಿಂದ ಸಕ್ಕರೆ ತುಂಡನ್ನು ತೆಗೆದು ಕಿಟಕಿಯಿಲ್ಲದ ಡೇರೆಯ ನೆತ್ತಿಯ ಬೆಳಕಿಗೆ ಹಿಡಿದು ನೋಡಿ, ಡಬ್ಬಿಗೆ ಹಾಕಿದಳು. ಮಾತಾಡುವಾಗ ಎರಡೂ ಕೆನ್ನೆ ಖಾಲಿಯಿದ್ದದ್ದರಿಂದ ಬೈಗುಳ ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದೆ ಎಲ್ಲರೂ ಕಂಗಾಲಾದರು.

ಬೆಳಗ್ಗೆ ಮೂವತ್ತು ಮಂದಿ ಸಾಲಾಗಿ ನಿಂತರು. ಯಾರೂ ಯಾರಿಗೂ ನಮಸ್ಕಾರ ಹೇಳಲಿಲ್ಲ. ಈ ಸಲ ಕೊಳವೆಗಳಲ್ಲಿ ಜೇನಿನ ಬಣ್ಣ ನಿಂತಿತು. ಮೂವತ್ತರಲ್ಲಿ ಇಪ್ಪತ್ತಮೂರು ಕೊಳವೆ ತಿಳಿಯಾಗಿದ್ದವು. ಗೊಂಗೋರನಿಗೆ ಸೊಂಟ ಕೆಟ್ಟದ್ದು, ರಕ್ತದೊತ್ತಡ ಸ್ವಲ್ಪ ಮೇಲೆ, ಉಳಿದ ಮೂರೂ ಚಿನ್ನದಂತಿದ್ದವು. ಐದರಲ್ಲಿ ಎರಡು. ಹೃದಯದ ಓಟವನ್ನೂ ಯಂತ್ರದಲ್ಲಿ ಬರೆಸಿ ನೋಡಿದೆ, ತಪ್ಪಿರಲಿಲ್ಲ. ದಿನಾ ಒಂದು ಮಾತ್ರೆ, ಕುರಿಬಾಲದ ಕೊಬ್ಬು ಅರ್ಧಕ್ಕೆ ಇಳಿಸುವುದು, ಒಂದೆರಡು ಸುತ್ತಿಗಿಂತ ಹೆಚ್ಚು ಆಡದಿರುವುದು. ಅಷ್ಟು ಹೇಳಿ ಕುಸ್ತಿಗೆ ಒಪ್ಪಿಗೆ ಬರೆದುಕೊಟ್ಟೆ. ಅವನು ಆ ಕಾಗದವನ್ನು ಹಣೆಗೊತ್ತಿಕೊಂಡ.

ಉಳಿದ ಏಳು ಕೊಳವೆಗಳು ಇನ್ನೂ ಮಬ್ಬಾಗಿದ್ದವು. ಅವುಗಳಲ್ಲಿ ಒಂದು ದೊಲ್ಜಿನಳದು. ಕೊಬ್ಬು ಹೆಚ್ಚು, ಸಕ್ಕರೆ ಹೆಚ್ಚು, ಒಳ್ಳೆಯ ಕೊಬ್ಬು ಕಡಿಮೆ. ನಲವತ್ತೆಂಟು ಕಿಲೋದ ಹೆಂಗಸಿಗೆ ಐದರಲ್ಲಿ ಮೂರು.

ಅವಳು ಗಂಡನ ಎದುರಿಗೇ ಎಲ್ಲವನ್ನೂ ಹೇಳಬೇಕೆಂದು ಪಟ್ಟು ಹಿಡಿದಳು. ವಂಶವಾಹಿಯ ಪಟ್ಟಿಯಲ್ಲಿ ಅವಳ ಸಂಖ್ಯೆಯನ್ನೂ ಹುಡುಕಿಸಿದಳು. ನಾವು ನೋಡುತ್ತಿದ್ದ ಜಾಗದಲ್ಲಿ ತಾಯಿಯ ಕಡೆಯಿಂದ ಒಂದು, ತಂದೆಯ ಕಡೆಯಿಂದ ಒಂದು, ಎರಡೂ ಅಕ್ಷರ ಬದಲಾಗಿದ್ದವು. ರಕ್ತದ ಕೊಬ್ಬನ್ನು ಯಕೃತ್ತು ನಿಧಾನವಾಗಿ ತೆಗೆಯುವ ಜಾತಿ. ಅಂಥವರಿಗೆ ಸಕ್ಕರೆಯೂ ಕೊಬ್ಬಾಗಿ ನಿಲ್ಲುತ್ತದೆ. ಅಕ್ಷರ ಹಣೆಬರಹವಲ್ಲ, ಕೆನ್ನೆಯ ಸಕ್ಕರೆ ಬಿಟ್ಟರೆ ಅಂಕಿ ಇಳಿಯುತ್ತದೆ ಎಂದೆ. ಅವಳು ತನ್ನ ತೋಳನ್ನೇ ನೋಡುತ್ತ ಕೂತಳು. ಅಷ್ಟು ವರ್ಷ ಅವಳು ತಪ್ಪು ಪ್ರಾಣಿಯನ್ನು ಕಾದಿದ್ದಳು.

ಗೊಂಗೋರ್ ಒಂದು ನಿಮಿಷ ನಕ್ಕ, ಬೆಂಚು ಅಲುಗಾಡಿತು. ಆಮೇಲೆ ನಿಲ್ಲಿಸಿ, ಹೆಂಡತಿಯ ಮುಂದೆ ಕೈ ಚಾಚಿದ.

"ಬೀಗದ ಕೈ ಕೊಡು, ಮುದುಕಿ. ಸಕ್ಕರೆ ಡಬ್ಬೀನೂ ಕೊಡು."

ಆ ಸಂಜೆ ಕಿತ್ತಳೆ ಪೆಟ್ಟಿಗೆಯಿಂದ ಕುಸ್ತಿಯ ಅಂಗಿ ಹೊರಗೆ ಬಂತು, ಸಕ್ಕರೆ ಡಬ್ಬಿ ಒಳಗೆ ಹೋಯಿತು. ಅಂಗಿಯ ದಾರ ಹದಿನೈದು ವರ್ಷದ ಹಿಂದಿನ ಹೊಟ್ಟೆಗೆ ಕಟ್ಟಿದ್ದು. ಎರಡು ಮೊಳ ಸೇರಿಸಬೇಕಾಯಿತು. ಹೊಲಿದುಕೊಟ್ಟವಳು ದೊಲ್ಜಿನಳೇ.

ನಾದಮ್ ದಿನ ಗೊಂಗೋರನ ಎದುರಾಳಿ ತೆಮೂಲೆನ್, ಇಪ್ಪತ್ತಮೂರು ವರ್ಷದ ಲಾರಿ ಚಾಲಕ, ಕಬ್ಬಿಣದಂಥ ಹುಡುಗ. ಸೊಂಟ ಹಿಡಿದು ಎತ್ತಿ ಬೀಸುವುದು ಅವನ ಪಟ್ಟು. ಅವನು ನುಗ್ಗಿ ಬಂದು ಎರಡೂ ತೋಳಿನಿಂದ ತಬ್ಬಿದ. ಬೆನ್ನ ಹಿಂದೆ ಬೆರಳಿಗೆ ಬೆರಳು ಸಿಗಲಿಲ್ಲ. ಇನ್ನೂ ಒಳಗೆ ನುಗ್ಗಿದ, ಆಗಲೂ ಸಿಗಲಿಲ್ಲ. ಒಂದು ಸುತ್ತು ತಿರುಗಿ ಇನ್ನೊಂದು ಕಡೆಯಿಂದ ನೋಡಿದ, ಗೊಂಗೋರ್ ಹಳೆಯ ಅಭ್ಯಾಸದಂತೆ ಅವನಿಗೆ ಸಹಾಯವಾಗಲೆಂದು ತಾನೂ ತಿರುಗಿದ. ನನ್ನ ಪಕ್ಕದಲ್ಲಿದ್ದ ಆಸ್ಪತ್ರೆಯ ಚಾಲಕ, ಒಬ್ಬನ ಕೈಲಾಗೋ ಕೆಲಸ ಅಲ್ಲ ಅದು ಎಂದು ಗಂಭೀರವಾಗಿ ಹೇಳಿದ. ಹುಡುಗನ ಕಾಲು ಒಂದಕ್ಕೊಂದು ತೊಡರಿದ್ದೇ ತಡ, ಗೊಂಗೋರ್ ಸುಮ್ಮನೆ ಮುಂದಕ್ಕೆ ವಾಲಿದ. ಅಷ್ಟೇ. ಹುಲ್ಲಿನ ಮೇಲೆ ಕೆಳಗಿದ್ದವನು ತೆಮೂಲೆನ್.

ಸೋತ ಹುಡುಗ ಪದ್ಧತಿಯಂತೆ ಅವನ ತೋಳಿನಡಿ ನುಸುಳಿ ಹೋದ. ಮೂವತ್ತೆರಡು ವರ್ಷಗಳ ನಂತರ ಗೆದ್ದ ಆನೆ ರೆಕ್ಕೆ ಬಿಚ್ಚಿ ಹದ್ದಿನ ಕುಣಿತ ಕುಣಿಯಿತು. ಹೊಟ್ಟೆ ಒಂದು ತಾಳ ತಡವಾಗಿ ಕುಣಿಯಿತು. ಕಂಕುಳಲ್ಲಿ ಹೋದ ಇನ್ನೂರು ಮಂದಿ ಒಟ್ಟಿಗೆ ಎದ್ದು ನಿಂತರು. ಗೆದ್ದವನಿಗೆ ಕೊಡುವ ಮೊಸರಿನ ಗಟ್ಟಿಗಳನ್ನು ಬೊಗಸೆ ತುಂಬ ಎತ್ತಿಕೊಂಡು, ಒಂದನ್ನು ಕಚ್ಚಿ, ಉಳಿದದ್ದನ್ನು ಜನರತ್ತ ಎರಚಿದ. ಒಂದು ನೇರ ದೊಲ್ಜಿನಳ ಅಂಗೈಗೆ ಬಿತ್ತು. ಅವಳು ಬಾಯಿಗೆ ಒಯ್ಯುವಷ್ಟರಲ್ಲಿ ಕಣದ ನಡುವಿನಿಂದ, ಇಡೀ ತಾಲ್ಲೂಕಿಗೆ ಕೇಳುವಂತೆ ಆಜ್ಞೆ ಬಂತು.

"ಅದಕ್ಕೆ ಸಕ್ಕರೆ ಹಾಕಿದಾರೆ, ಮುದುಕಿ. ಟೀಚರಕ್ಕಂಗೆ ಕೊಡು."

ಅವಳು ಕೊಟ್ಟಳು. ನಾನು ತಿಂದೆ. ಎರಡನೆಯ ಸುತ್ತಿನಲ್ಲಿ ಅವನು ಹತ್ತು ಸೆಕೆಂಡಿನಲ್ಲಿ ಬಿದ್ದ. ಹುಲ್ಲಿನ ಮೇಲೆ ಮಲಗಿ, ಆಕಾಶ ನೋಡುತ್ತ, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇದ್ದ. ದೊಲ್ಜಿನ್ ಎದ್ದು ನಿಂತಳು. ಅವನು ಮಲಗಿದಲ್ಲಿಂದಲೇ ಅವಳಿಗೆ ಕೈ ಬೀಸಿದ.

ಸೆಪ್ಟೆಂಬರ್ ಇಪ್ಪತ್ತಕ್ಕೆ ನಾನು ಮತ್ತೆ ರಕ್ತ ನೋಡಲು ಹೋದಾಗ, ಗಂಡ ಹೆಂಡತಿ ಡೇರೆಯ ಹೊರಗೆ ಬರಿತಲೆಯಲ್ಲಿ ನಿಂತಿದ್ದರು. ಅವಳ ಅಂಗೈ ಆಕಾಶಕ್ಕೆ ತೆರೆದಿತ್ತು. ಒಪ್ಪಂದ ಮೊದಲ ಹಿಮದವರೆಗೆ ತಾನೆ. ಅಂಗೈಯಲ್ಲಿ ಬೆಳ್ಳನೆಯದೇನೋ ಬಿದ್ದು ಕರಗಿತ್ತು. ಅದು ಹಿಮ ಎಂದಳು ಅವಳು. ಅದು ಆಲಿಕಲ್ಲು ಎಂದ ಅವನು. ಆಲಿಕಲ್ಲು ಹಾರಾಡುತ್ತ ಬರುತ್ತದೆಯೇ ಎಂದಳು. ಗಾಳಿಗೆ ಬೂದಿಯೂ ಹಾರುತ್ತದೆ, ಒಲೆಯ ಬೂದಿಯಿರಬಹುದು ಎಂದ. ಸಕ್ಕರೆಯಿದ್ದ ಪೆಟ್ಟಿಗೆಯ ಬೀಗದ ಕೈ ಅವನ ಎದೆಯ ಮಡಿಕೆಯಲ್ಲಿತ್ತು, ಅದರ ಮೇಲೆ ಅವನ ಅಗಲವಾದ ಅಂಗೈಯಿತ್ತು.

"ಟೀಚರಕ್ಕ, ನೀವೇ ಹೇಳಿ," ಎಂದಳು ದೊಲ್ಜಿನ್. "ಇದೇನು?"

ಅಷ್ಟರಲ್ಲಿ ಎದುರಿನ ಗುಡ್ಡ ಕಾಣದಷ್ಟು ಸುರಿಯತೊಡಗಿತ್ತು. ನನ್ನ ಕನ್ನಡಕದ ಮೇಲೂ ಕೂತಿತ್ತು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ರಕ್ತ ಕೊಡುವವರೆಗೆ ಯಾರೂ ಏನನ್ನೂ ಬಾಯಿಗಿಡಕೂಡದು, ತಿನ್ನುವುದೂ ಕುಡಿಯುವುದೂ ಚೀಪುವುದೂ ಸೇರಿ ಎಂದು ಹೇಳಿ, ಅವಳಿಗೆ, ಮೊದಲು ತೋಳು ಚಾಚು ಎಂದೆ.